ಶುಕ್ರವಾರದ ಹೆಸರುಕಾಳು

ಮೊದಲು ಗಂಟಲಲ್ಲಿ ನಿಂತದ್ದು ಜೋಳದ ರೊಟ್ಟಿ.

ಸೆಪ್ಟೆಂಬರಿನ ಒಂದು ಭಾನುವಾರ. ನಮ್ಮವರು ಒಂದು ತುತ್ತು ರೊಟ್ಟಿ ಮುರಿದು, ಬದನೆಕಾಯಿ ಎಣ್ಣೆಗಾಯಿ ಹಚ್ಚಿ ಬಾಯಿಗಿಟ್ಟರು. ಅಗಿದರು. ನುಂಗಿದರು. ಆಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತುಬಿಟ್ಟರು. ನೀರು ಕೊಟ್ಟೆ. ನೀರೂ ಇಳಿಯಲಿಲ್ಲ, ಹಾಗೇ ತಟ್ಟೆಗೆ ವಾಪಸ್ ಬಂತು.

ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ರೊಟ್ಟಿ ಬಿರುಸಾಗಿದೆ ಎಂದು ನಾಟಕ ಮಾಡುತ್ತಿದ್ದಾರೆ ಅಂದುಕೊಂಡೆ.

“ಮೂವತ್ತ ವರ್ಷ ಆತು ನಿಮಗ ರೊಟ್ಟಿ ಬಡದ ಹಾಕಾಕತ್ತು. ಇವತ್ತ ಬಿರುಸಾತೇನ್ರಿ?”

“ರೊಟ್ಟೀದೇನೂ ತಪ್ಪಿಲ್ಲ ಬಿಡು,” ಅಂದರು. “ಎರಡ ತಿಂಗಳಾತು ಹಿಂಗ ಆಗಾಕತ್ತು.”

ಎರಡು ತಿಂಗಳು.

ಎರಡು ತಿಂಗಳಿಂದ ಅವರು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಕೆಲಸಕ್ಕೆ ಬುತ್ತಿ ಕಟ್ಟುವಾಗ ಮೊಸರನ್ನ ಸಾಕು ಅನ್ನುತ್ತಿದ್ದರು. ವಯಸ್ಸಾಯಿತು, ಹಲ್ಲು ನೋಯುತ್ತಿರಬೇಕು ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಎದುರಿಗೆ ಕೂತು ಉಣ್ಣುವ ಗಂಡನ ಗಂಟಲು ಮುಚ್ಚುತ್ತಿರುವುದು ಹೆಂಡತಿಗೆ ಕಾಣಲಿಲ್ಲ. ಇದನ್ನು ನಾನು ನನಗೇ ಇನ್ನೂ ಕ್ಷಮಿಸಿಲ್ಲ.

ನಮ್ಮ ಮನೆ ಲಂಡನ್ನಿನ ಹೌನ್ಸ್ಲೋದಲ್ಲಿ, ವಿಮಾನ ನಿಲ್ದಾಣದ ಪಕ್ಕ. ಹೀಥ್ರೋದಲ್ಲಿ ಆಗ ಐದನೇ ಟರ್ಮಿನಲ್ ಕಟ್ಟುತ್ತಿದ್ದರು. ವಿಮಾನ ನಮ್ಮ ಹಂಚಿನ ಮೇಲೆಯೇ ಇಳಿಯುತ್ತದೇನೋ ಅನ್ನುವಷ್ಟು ಕೆಳಗೆ ಹಾದುಹೋಗುತ್ತಿತ್ತು. ನಮ್ಮವರು, ಬಸವರಾಜ, ಧಾರವಾಡದವರು. ವಿಮಾನಗಳಿಗೆ ಊಟ ಕಳಿಸುವ ಒಂದು ಅಡುಗೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ಸ್ಪೆಷಲ್ ಮೀಲ್ ಅನ್ನುವ ವಿಭಾಗ ಅವರದು. ಯಾವ ಟ್ರೇ ಹಿಂದೂ ಊಟ, ಯಾವುದು ಜೈನ, ಯಾವುದು ಸಕ್ಕರೆ ಕಾಯಿಲೆಯವರದು ಎಂದು ಲೇಬಲ್ ಹಚ್ಚಿ ಕಳಿಸುವುದು. ಸಾವಿರಾರು ಜನರಿಗೆ ಊಟ ಕಳಿಸಿದ ಮನುಷ್ಯ ಅಲ್ಲಿಯ ಒಂದು ತುತ್ತನ್ನೂ ಬಾಯಿಗೆ ಹಾಕಿದವರಲ್ಲ. ನಾನು ಕಟ್ಟಿದ ಬುತ್ತಿಯೇ ಆಗಬೇಕು. ಕೊರಳಲ್ಲಿ ಇಷ್ಟಲಿಂಗ, ಮುಂಜಾನೆ ಪೂಜೆ ಆಗದೆ ಚಹಾ ಕೂಡ ಇಲ್ಲ. ಮೊಟ್ಟೆ ಹಾಕಿದ ಕೇಕ್ ಮಗಳ ಹುಟ್ಟುಹಬ್ಬಕ್ಕೂ ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ.

ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಆಸಿಡಿಟಿ ಮಾತ್ರೆ ಕೊಟ್ಟರು. ಎರಡು ವಾರ ನೋಡಿ ಅಂದರು. ಎರಡು ವಾರದಲ್ಲಿ ಅನ್ನವೂ ಗಂಟಲಲ್ಲಿ ನಿಲ್ಲತೊಡಗಿತು. ಆಮೇಲೆ ಎಂಡೋಸ್ಕೋಪಿ, ಬಯಾಪ್ಸಿ, ಸ್ಕ್ಯಾನ್. ಅಕ್ಟೋಬರಿನಲ್ಲಿ ಒಂದು ಚಿಕ್ಕ ಕೋಣೆಗೆ ಕರೆದರು. ಮೇಜಿನ ಮೇಲೆ ಟಿಶ್ಯೂ ಪೆಟ್ಟಿಗೆ ಇತ್ತು, ಹೊಸದು, ಮೊದಲ ಹಾಳೆ ಅರ್ಧ ಹೊರಗೆ ಎಳೆದಿಟ್ಟಿದ್ದರು. ಅದನ್ನು ನೋಡಿದ ಕೂಡಲೇ ನನಗೆ ತಿಳಿಯಿತು.

ಅನ್ನನಾಳದ ಕ್ಯಾನ್ಸರ್.

ಕನ್ಸಲ್ಟೆಂಟ್ ಒಳ್ಳೆಯ ಮನುಷ್ಯ, ಅವಸರ ಮಾಡದೆ ಬಿಡಿಸಿ ಹೇಳಿದರು. ಮೂರು ಸುತ್ತು ಕೀಮೊ. ಗಡ್ಡೆ ಕುಗ್ಗಿದರೆ ಆಪರೇಷನ್. ದೊಡ್ಡ ಆಪರೇಷನ್, ದೇಹದಲ್ಲಿ ಕಸುವಿರಬೇಕು. ಪಕ್ಕದಲ್ಲಿದ್ದ ಡಯಟಿಷಿಯನ್ ಹುಡುಗಿ ತೂಕ ಬರೆದುಕೊಂಡಳು. ಅರವತ್ತೊಂದು ಕೆಜಿ. ಐವತ್ತಾರರ ಕೆಳಗೆ ಇಳಿದರೆ ಹೊಟ್ಟೆಗೆ ತೂತು ಮಾಡಿ ಟ್ಯೂಬ್ ಹಾಕಿ ಅದರಲ್ಲಿ ಆಹಾರ ಬಿಡಬೇಕಾಗುತ್ತದೆ, ಆಪರೇಷನ್ ಬಗ್ಗೆ ಮತ್ತೊಮ್ಮೆ ಯೋಚಿಸಬೇಕಾಗುತ್ತದೆ ಅಂದಳು.

ಹೊರಗೆ ಬಸ್ ಸ್ಟಾಪಿನಲ್ಲಿ ನಮ್ಮವರು ಅಂದದ್ದು ಒಂದೇ ಮಾತು. “ಪೈಪಿನಾಗ ಉಣಿಸ್ಕೊಂಡ ಬದುಕೂದು ನನಗ ಬ್ಯಾಡ. ಬಾಯಿಲೆ ಉಣ್ಣೂತನಕ ಇರತೇನಿ.”

ಅಂದರೆ ಕೆಲಸ ನನ್ನದು. ನಾನು ಧೈರ್ಯವಾಗಿಯೇ ಇದ್ದೆ. ಕಾಯಿಲೆ ಗುಣ ಮಾಡುವುದು ಡಾಕ್ಟರ ಕೆಲಸ, ಐದು ಕೆಜಿ ಕಾಯುವುದು ನನ್ನ ಕೈಲಾಗದ ಕೆಲಸವೇ? ಲಂಡನ್ನಿನಲ್ಲಿ ನಮ್ಮ ಕಡೆಯ ಯಾರ ಮನೆಯ ಮದುವೆ, ಸೀಮಂತ ಇದ್ದರೂ ಹೋಳಿಗೆಗೆ ನನ್ನನ್ನೇ ಕರೆಯುತ್ತಿದ್ದರು. ಆ ಸೊಕ್ಕು ನನಗಿತ್ತು.

ಮೊದಲ ಕೀಮೊ ಆಗಿ ನಾಲ್ಕನೇ ದಿನಕ್ಕೆ ಸೊಕ್ಕು ಇಳಿಯಿತು.

ಒಗ್ಗರಣೆಗೆ ಇಂಗು ಬಿದ್ದರೆ ಸಾಕು, ಮುಂದಿನ ಕೋಣೆಯಿಂದ ವಾಂತಿಯ ಸದ್ದು. ನುಚ್ಚು ಮಾಡಿದೆ, ಗಂಜಿ ಮಾಡಿದೆ, ಹೆಸರುಬೇಳೆ ಕಟ್ಟು ಮಾಡಿದೆ. ಎಲ್ಲವೂ ಕಬ್ಬಿಣ ನೆಕ್ಕಿದ ಹಾಗೆ ಅನ್ನುತ್ತಿದ್ದರು. ಜೀರಿಗೆ ಬೇಡ, ಕರಿಬೇವು ಬೇಡ, ತುಪ್ಪ ತೋರಿಸಬೇಡ. ಆಸ್ಪತ್ರೆಯವರು ಕೊಟ್ಟ ಹಾಲಿನಂಥ ಸಪ್ಲಿಮೆಂಟ್ ಡಬ್ಬಿಗಳನ್ನು ಮೂಗು ಹಿಡಿದು ಅರ್ಧ ಕುಡಿದು ಇಡುತ್ತಿದ್ದರು. ಮಗಳು ದೀಪಾ ಕೆಲಸದ ಊರಿಂದ ಶನಿವಾರ ಶನಿವಾರ ಬರುವಾಗ ಐಸ್‌ಕ್ರೀಮ್ ತರುತ್ತಿದ್ದಳು. ಅದೂ ಎರಡು ಚಮಚ. ಉಳಿದದ್ದನ್ನು ಬಿನ್ನಿಗೆ ಸುರಿಯುವುದು ನನ್ನ ದಿನಚರಿಯಾಯಿತು. ಕಾಯಿಲೆಯವರ ಮೇಲೆ ಸಿಟ್ಟಾಗಬಾರದು ಎಂದು ಎಲ್ಲರೂ ಹೇಳುತ್ತಾರೆ. ನಾನು ಆದೆ. ಒಂದು ದಿನ ಗಂಜಿಯ ಬಟ್ಟಲನ್ನು ಸಿಂಕಿಗೆ ಎಸೆದೆ. ಅದು ಒಡೆದ ಸದ್ದು ಅವರಿಗೆ ಕೇಳಿತು.

ಐವತ್ತೆಂಟು. ಐವತ್ತೇಳೂವರೆ. ಐವತ್ತೇಳು.

ನಮ್ಮ ಮನೆಯ ಮೇಲಿನ ಹಿಂದುಗಡೆ ಕೋಣೆಯಲ್ಲಿ ಮರಿಸೆಲ್ ಬಾಡಿಗೆಗಿದ್ದಳು. ಫಿಲಿಪ್ಪೀನ್ಸಿನ ಹುಡುಗಿ. ಹುಡುಗಿ ಎಂದರೆ ಮೂವತ್ತೆರಡು. ನಮ್ಮವರು ಹೋಗುತ್ತಿದ್ದ ಆಸ್ಪತ್ರೆಯಲ್ಲ, ಬೇರೊಂದು ಆಸ್ಪತ್ರೆಯಲ್ಲಿ ನರ್ಸ್. ಕೋಣೆ ಕೊಡುವಾಗಲೇ ನಾನು ಷರತ್ತು ಹಾಕಿದ್ದೆ: ನನ್ನ ಅಡುಗೆಮನೆಯಲ್ಲಿ ಮಾಂಸ, ಮೊಟ್ಟೆ ಇಲ್ಲ. ಅವಳು ಒಂದು ದಿನವೂ ಮುರಿಯಲಿಲ್ಲ. ಮಾಂಸ ತಿನ್ನಬೇಕೆನಿಸಿದರೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿಂದು ಬರುತ್ತಿದ್ದಳು. ನನ್ನನ್ನು ‘ಆತೆ’ ಅನ್ನುತ್ತಿದ್ದಳು. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ನಮ್ಮವರನ್ನು ‘ಕುಯಾ’, ಅಣ್ಣ. ಮಾತೆಲ್ಲ ಇಂಗ್ಲಿಷಿನಲ್ಲಿ, ಅವಳದು ಚೆನ್ನಾಗಿತ್ತು, ನನ್ನದು ಅಷ್ಟಕ್ಕಷ್ಟೆ.

ಪ್ರತಿ ಶುಕ್ರವಾರ ಅವಳು ಒಂದು ಪಾತ್ರೆ ಹೆಸರುಕಾಳು ಮಾಡುತ್ತಿದ್ದಳು. ಮುಂಗೊ ಅನ್ನುತ್ತಾರಂತೆ. ಇಡೀ ಕಾಳನ್ನು ಒಡೆಯುವಷ್ಟು ಬೇಯಿಸಿ, ಬೆಳ್ಳುಳ್ಳಿ, ಉಳ್ಳಾಗಡ್ಡಿ, ಟೊಮ್ಯಾಟೊ ಎಣ್ಣೆಯಲ್ಲಿ ಬಾಡಿಸಿ ಸುರಿದು, ಕಡೆಗೆ ಪಾಲಕ್ ಹರಿದು ಹಾಕಿ ಗಂಜಿಯ ಹದಕ್ಕೆ ಇಳಿಸುವುದು. ಅದಕ್ಕೊಂದು ವಾಸನೆ ಇತ್ತು, ನಮ್ಮ ಒಗ್ಗರಣೆಯದಲ್ಲ. ಬೆಳ್ಳುಳ್ಳಿ ಸೀದರೆ ಹೀಗಾಗುತ್ತದೆ ಎಂದು ನಾನು ಕಿಟಕಿ ತೆರೆದಿಡುತ್ತಿದ್ದೆ.

ಡಿಸೆಂಬರಿನ ಎರಡನೇ ಶುಕ್ರವಾರ, ಎರಡನೇ ಕೀಮೊ ಆಗಿ ವಾರವಾಗಿತ್ತು. ಮಧ್ಯಾಹ್ನ ಮರಿಸೆಲ್ ಒಲೆಯ ಮುಂದಿದ್ದಳು. ಮುಂದಿನ ಕೋಣೆಯಿಂದ ನಮ್ಮವರ ದನಿ ಬಂತು.

“ಏನ್ ಮಾಡಾಕತ್ತಾಳ ಆಕಿ?”

ವಾಸನೆಗೆ ಬೈಯುತ್ತಾರೆ ಎಂದು ಓಡಿದೆ. “ಕಿಟಕಿ ತಗೀತೇನ್ರಿ, ಒಂದ ನಿಮಿಷ.”

“ತಗೀಬ್ಯಾಡ. ಒಂದೀಟ ತಗೊಂಡ ಬಾ ನನಗ.”

ಆರು ವಾರದಲ್ಲಿ ಅವರು ಬಾಯಿ ಬಿಟ್ಟು ಊಟ ಕೇಳಿದ್ದು ಅದೇ ಮೊದಲು. ನಾನು ಅಡುಗೆಮನೆಗೆ ಬಂದು ಮರಿಸೆಲ್‌ಳನ್ನು ಕೇಳಿದೆ: ಇದರಲ್ಲಿ ಮಾಂಸ ಇಲ್ಲ ತಾನೇ?

“ಇಲ್ಲ ಆತೆ. ಇವತ್ತು ಶುಕ್ರವಾರ ಅಲ್ಲವಾ?” ಅಂದಳು. ಬೇರೆ ದಿನವಾದರೆ ಅವರ ಊರಿನಲ್ಲಿ ಹಂದಿ ಮಾಂಸ ಹಾಕುತ್ತಾರಂತೆ, ಶುಕ್ರವಾರ ಯೇಸುವಿನ ದಿನ, ಮಾಂಸ ಮುಟ್ಟುವುದಿಲ್ಲ, ಅದಕ್ಕೇ ಶುಕ್ರವಾರ ಮನೆಮನೆಯಲ್ಲಿ ಹೆಸರುಕಾಳು.

ನನಗೆ ಪೂರ್ತಿ ಅರ್ಥವಾಯಿತು ಅಂದುಕೊಂಡೆ. ನಮ್ಮೂರಲ್ಲಿಯೂ ಮಾಂಸ ತಿನ್ನುವವರು ಸೋಮವಾರ ಮುಟ್ಟುವುದಿಲ್ಲ, ಶ್ರಾವಣದಲ್ಲಿ ತಿಂಗಳಿಡೀ ಬಿಡುತ್ತಾರೆ. ಬಿಟ್ಟ ದಿನ ಅವರ ಅಡುಗೆ ನಮ್ಮ ಅಡುಗೆಯಷ್ಟೇ ಶುದ್ಧ. ಇವಳದೂ ಹಾಗೇ. ಇನ್ನೇನು ಕೇಳಬೇಕು?

ಬಟ್ಟಲಲ್ಲಿ ಹಾಕಿ ಕೊಟ್ಟೆ. ಅವರು ಒಂದು ಚಮಚ ನಾಲಿಗೆಯ ಮೇಲಿಟ್ಟು ಕಾದರು. ನುಂಗಿದರು. ಇಳಿಯಿತು. ಇನ್ನೊಂದು. ಆರು ಚಮಚ ಎಣಿಸಿದೆ, ಆಮೇಲೆ ಎಣಿಸುವುದು ಬಿಟ್ಟೆ.

ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಂದಿನಿಂದ ಶುಕ್ರವಾರದ ಅಡುಗೆ ದಿನದ ಅಡುಗೆಯಾಯಿತು. ಮರಿಸೆಲ್ ಡ್ಯೂಟಿಗೆ ಹೋಗುವ ಮೊದಲು ಒಂದು ಸಣ್ಣ ಪಾತ್ರೆ ಮಾಡಿಟ್ಟು ಹೋಗುತ್ತಿದ್ದಳು. ಕುಯಾನಿಗೆ ದಿನವೂ ಶುಕ್ರವಾರ ಎಂದು ನಗುತ್ತಿದ್ದಳು. ತೂಕ ಐವತ್ತೇಳಕ್ಕೆ ನಿಂತಿತು. ಹೊಸ ವರ್ಷದ ಹೊತ್ತಿಗೆ ಐವತ್ತೇಳೂ ಮುಕ್ಕಾಲು. ಡಯಟಿಷಿಯನ್ ಹುಡುಗಿ ಖುಷಿಯಾಗಿ, ಏನು ಕೊಡುತ್ತಿದ್ದೀರಿ ಎಂದು ಕೇಳಿದಳು. ಹೆಸರುಕಾಳು ಅಂದೆ. ನಾನು ಮಾಡಿದ್ದಲ್ಲ ಎಂದು ಮಾತ್ರ ಹೇಳಲಿಲ್ಲ.

ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ತವರು ನವಲಗುಂದದ ಕಡೆ. ಹೆಸರು ಬೆಳೆಯುವ ಕರಿ ನೆಲ. ಎಳೆ ಹೆಸರುಕಾಯಿ ಹೊಲದಲ್ಲೇ ಬಿಡಿಸಿ ತಿಂದು ಬೆಳೆದವಳು ನಾನು. ಮೊಳಕೆ ಬರಿಸಿ ಉಸಳಿ, ಬೇಳೆಯ ಪಾಯಸ, ಜ್ವರ ಬಂದವರಿಗೆ ಕಟ್ಟು, ಬಾಣಂತಿಗೆ ಹುಗ್ಗಿ. ಹೆಸರಿನ ಬಗ್ಗೆ ನನಗೆ ಯಾರೂ ಕಲಿಸುವಂಥದ್ದಿರಲಿಲ್ಲ. ಅದೇ ಕಾಳು ನನ್ನ ಕೈಯಲ್ಲಿ ವಾಂತಿ, ಅವಳ ಕೈಯಲ್ಲಿ ಊಟ.

ಆದರೂ ಆ ತಿಂಗಳು ನಾವಿಬ್ಬರೂ ಹತ್ತಿರವಾದೆವು. ಕಾಳು ಆರಿಸುತ್ತ ಕೂತಾಗ ಅವಳು ತನ್ನ ತಾಯಿಯ ಬಗ್ಗೆ ಹೇಳುತ್ತಿದ್ದಳು. ಸಮುದ್ರದ ದಂಡೆಯ ಊರು. ತಾಯಿ ಪಾಲಕ್ ಹಾಕುವುದಿಲ್ಲವಂತೆ, ಬೇಲಿಯ ಮೇಲಿನ ಹಾಗಲದ ಎಲೆ. ಮರಿಸೆಲ್ ಲಂಡನ್ನಿಗೆ ಬಂದ ವರ್ಷವೇ ಅವಳ ತಂದೆ ತೀರಿಕೊಂಡಿದ್ದರು. ಹೋಗಲು ಆಗಲಿಲ್ಲ. “ಮಣ್ಣು ಮಾಡಿದ ದಿನ ಬಂದವರಿಗೆಲ್ಲ ಅಮ್ಮ ಮುಂಗೊ ಬಡಿಸಿದಳಂತೆ,” ಅಂದಳು. “ನಾನು ಇಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದು ಒಬ್ಬಳೇ ಮಾಡಿಕೊಂಡು ತಿಂದೆ.” ನಾನು ಅವಳಿಗೆ ಹೇಳಿದೆ: ಬೇಯಿಸುವ ಮೊದಲು ಕಾಳನ್ನು ಸ್ವಲ್ಪ ಹುರಿ, ಹಸಿ ವಾಸನೆ ಹೋಗುತ್ತದೆ. ಅವಳು ಹಾಗೇ ಮಾಡಿದಳು. ಇನ್ನೂ ರುಚಿಯಾಯಿತು ಎಂದು ತಾಯಿಗೆ ಫೋನಿನಲ್ಲಿ ಹೇಳಿದಳು. ಆಗ ನನಗೂ ಆ ಅಡುಗೆಯಲ್ಲಿ ಒಂದು ಪಾಲು ಸಿಕ್ಕಂತಾಯಿತು.

ಜನವರಿಯ ಕೊನೆಗೆ ಅವಳ ಡ್ಯೂಟಿ ಬದಲಾಯಿತು. ದಿನವೂ ಮಾಡಲಾಗುವುದಿಲ್ಲ, ಕಲಿಸಿಕೊಡುತ್ತೇನೆ ಅಂದಳು. ನಾನು ಸೆರಗು ಸಿಕ್ಕಿಸಿ ಪಕ್ಕದಲ್ಲಿ ನಿಂತೆ. ಕಾಳು ಬೆಂದಿತ್ತು. ಬೆಳ್ಳುಳ್ಳಿ ಕೆಂಪಾಯಿತು, ಉಳ್ಳಾಗಡ್ಡಿ ಬಾಡಿತು, ಟೊಮ್ಯಾಟೊ ಕರಗಿತು. ಆಮೇಲೆ ಅವಳು ತನ್ನ ಕಪಾಟಿನಿಂದ ಒಂದು ಚಿಕ್ಕ ಗಾಜಿನ ಭರಣಿ ತೆಗೆದು, ಬೂದು ಬಣ್ಣದ ಪುಡಿ ಒಂದು ಚಿಟಿಕೆ ಹಾಕಿದಳು.

“ಇದೇನು?”

“ದಿಲಿಸ್. ಅಮ್ಮ ಕಳಿಸುತ್ತಾಳೆ. ಚಿಕ್ಕ ಮೀನು, ಒಣಗಿಸಿ ಕುಟ್ಟಿದ್ದು.”

ಮೀನು.

ಕೈಯಲ್ಲಿದ್ದ ಸೌಟನ್ನು ನಾನು ಸಿಂಕಿನಲ್ಲಿಟ್ಟು ತೊಳೆಯತೊಡಗಿದೆ. ಯಾಕೆ ತೊಳೆದೆನೋ ಗೊತ್ತಿಲ್ಲ. ಎರಡು ಸಲ ಸೋಪು ಹಾಕಿದೆ. ಮಾಂಸ ಇಲ್ಲ ಅಂದಿದ್ದೆಯಲ್ಲ ಎಂದು ಬೆನ್ನು ಮಾಡಿಯೇ ಕೇಳಿದೆ.

“ಮಾಂಸ ಇಲ್ಲ ಆತೆ. ಇದು ಮೀನು,” ಅಂದಳು. ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ನಾನು ತಿರುಗಿದೆ. ನನ್ನ ಮುಖ ನೋಡಿದಾಗ ಅವಳಿಗೆ ತಿಳಿಯಿತು. ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವುದು ಅವರಲ್ಲಿ ವ್ರತ. ಪಾದ್ರಿಯೂ ತಿನ್ನುತ್ತಾರೆ. ಕಾಯಿಲೆಯ ಮನುಷ್ಯ, ದೇವರ ಪೂಜೆ ಮಾಡುವ ಮನುಷ್ಯ ಎಂದು ಅವಳು ತನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಪವಿತ್ರವಾದ ಅಡುಗೆಯನ್ನೇ ಮಾಡಿ ಹಾಕಿದ್ದಳು. ಅಲ್ಲೇ ಸ್ಟೂಲಿನ ಮೇಲೆ ಕೂತು ಅಳತೊಡಗಿದಳು. ಮನೆ ಬಿಟ್ಟು ಹೋಗುತ್ತೇನೆ ಅಂದಳು. ನಾನು ಬೇಡ ಅಂದೆ, ಆದರೆ ಅವಳ ತಲೆ ಸವರುವಷ್ಟು ಒಳ್ಳೆಯವಳು ಆ ಗಳಿಗೆಯಲ್ಲಿ ನಾನಾಗಿರಲಿಲ್ಲ. ನಮ್ಮವರೇ ಎಷ್ಟೋ ಸಲ ನಗುತ್ತ ಹೇಳಿದ್ದರು, ಈ ದೇಶದಲ್ಲಿ ಮೀನು ತಿನ್ನುವವರೂ ವೆಜಿಟೇರಿಯನ್ ಊಟ ಬರೆಸುತ್ತಾರೆ ಎಂದು. ಇಪ್ಪತ್ತೆರಡು ವರ್ಷ ಲೇಬಲ್ ಹಚ್ಚಿದವರ ಹೆಂಡತಿ ನಾನು. ನಾನೇ ಸರಿಯಾಗಿ ಕೇಳಲಿಲ್ಲ.

ದೀಪಾಗೆ ಫೋನ್ ಮಾಡಿದೆ. ಆದದ್ದೆಲ್ಲ ಹೇಳಿದೆ.

“ಮಮ್ಮಿ, ಲಿಸನ್ ಟು ಮಿ. ಹೀ ಈಸ್ ಈಟಿಂಗ್. ಡೋಂಟ್ ಯು ಡೇರ್ ಟೆಲ್ ಹಿಮ್.”

“ಅವರ ಕೊರಳಾಗ ಲಿಂಗ ಐತಿ ದೀಪಾ.”

“ಹೀ ಹ್ಯಾಸ್ ಕ್ಯಾನ್ಸರ್, ಮಮ್ಮಿ.”

ಎರಡೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ದಾರಿ ನನಗೆ ತಿಳಿಯಲಿಲ್ಲ.

ಮೀನಿಲ್ಲದೆ ಮಾಡಿದೆ. ಉಳಿದದ್ದೆಲ್ಲ ಅವಳು ತೋರಿಸಿದ ಹಾಗೇ. ಅವರು ಒಂದು ಚಮಚ ಬಾಯಿಗಿಟ್ಟು ಇಳಿಸಿದರು.

“ಇದು ಆಕಿ ಮಾಡೂದಲ್ಲ.”

“ಆಕಿಗೆ ಪುರುಸೊತ್ತಿಲ್ರಿ. ಅದೇ ಕಾಳು, ಅದೇ ಬೆಳ್ಳುಳ್ಳಿ.”

“ಇಳೀವಲ್ದು,” ಎಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

ಮೂರು ದಿನ ಹೀಗೇ ಆಯಿತು. ಮೂರನೇ ಕೀಮೊದ ಔಷಧಿ ಮೈಯಲ್ಲಿ ಹರಿಯುತ್ತಿತ್ತು. ಬಾತ್‌ರೂಮಿನ ತಕ್ಕಡಿ ಐವತ್ತಾರೂವರೆ ತೋರಿಸಿತು. ಅಂಗಿಯ ಕಾಲರಿನೊಳಗೆ ಅವರ ಕುತ್ತಿಗೆ ಸಣ್ಣದಾಗಿ, ಹಾಲು ಬಿಡಿಸಿದ ಕರುವಿನ ಕತ್ತಿನಂತೆ ಕಾಣುತ್ತಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಮರಿಸೆಲ್‌ಳ ಕಪಾಟು ತೆರೆದೆ. ಭರಣಿ ತೆಗೆದೆ. ನನ್ನ ಬೆರಳಿಂದಲೇ ಒಂದು ಚಿಟಿಕೆ ಹಾಕಿದೆ.

ನನ್ನ ಕೈ ನಡುಗಲಿಲ್ಲ. ನಡುಗಿತು ಎಂದು ಬರೆಯಬಹುದಿತ್ತು. ನಡುಗಲಿಲ್ಲ. ಉಸಿರು ಬಿಗಿಹಿಡಿದು ಕಲಕಿದೆ, ರುಚಿ ನೋಡಲಿಲ್ಲ, ಬಟ್ಟಲಿಗೆ ಹಾಕಿದೆ, ಕೈ ತೊಳೆದೆ, ಒಯ್ದು ಕೊಟ್ಟೆ. ಅವರು ಉಂಡರು. “ಹಾಂ, ಈಗ ಬಂತು ನೋಡು ನಿನ್ನ ಕೈಗೆ,” ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ಅಡುಗೆ ಹೊಗಳಿದ್ದು ಬೆರಳಲ್ಲಿ ಎಣಿಸುವಷ್ಟು. ಅವತ್ತು ಹೊಗಳಿದರು.

ಮೂರು ವಾರ ಹೀಗೆ ನಡೆಯಿತು. ದಿನವೂ ನಾನೇ ಮಾಡುತ್ತಿದ್ದೆ, ದಿನವೂ ನಾನೇ ಹಾಕುತ್ತಿದ್ದೆ. ತೂಕ ಮತ್ತೆ ಐವತ್ತೇಳೂವರೆಗೆ ಬಂತು. ಸ್ಕ್ಯಾನ್ ಚೆನ್ನಾಗಿತ್ತು, ಗಡ್ಡೆ ಕುಗ್ಗಿತ್ತು. ಆಪರೇಷನ್ನಿಗೆ ಮಾರ್ಚಿನ ದಿನ ಕೊಟ್ಟರು, ಅದಕ್ಕೂ ಮೊದಲು ಮತ್ತೊಮ್ಮೆ ತೂಕ. ಮೈಯಲ್ಲಿ ಸ್ವಲ್ಪ ಬಲ ಬಂದದ್ದೇ ಅವರು ಮಾಡಿದ ಮೊದಲ ಕೆಲಸ, ನಿಂತುಹೋಗಿದ್ದ ಪೂಜೆಯನ್ನು ಮತ್ತೆ ಶುರು ಮಾಡಿದ್ದು. ಹಾಸ್ಪಿಟಲ್ ಗೌನಿನಂಥ ಸಡಿಲ ಅಂಗಿ ತೊಟ್ಟು, ಕುರ್ಚಿಯ ಮೇಲೆ ದಿಂಬು ಒರಗಿಸಿಕೊಂಡು, ಎಡ ಅಂಗೈಯಲ್ಲಿ ಲಿಂಗ ಇಟ್ಟು ನೋಡುತ್ತ ಕೂರುತ್ತಿದ್ದರು. ವಿಭೂತಿ ಹಚ್ಚಿದ ಹಣೆಯಲ್ಲಿ ಮೂಳೆ ಎದ್ದು ಕಾಣುತ್ತಿತ್ತು. ಪೂಜೆ ಮುಗಿಸಿ, “ಶಿವಾ, ನಿನ್ನ ಪ್ರಸಾದ” ಎಂದು ನನ್ನ ಬಟ್ಟಲಿಗೆ ಕೈಚಾಚುತ್ತಿದ್ದರು.

ಐದು ದಿನ ನೋಡಿದೆ. ಆರನೇ ದಿನ ಆಗಲಿಲ್ಲ.

ಹೇಳಿದೆ. ಎಲ್ಲವನ್ನೂ. ಮರಿಸೆಲ್‌ಳದು ತಿಳಿಯದೆ ಆದದ್ದು, ನನ್ನದು ತಿಳಿದು ಮಾಡಿದ್ದು ಎಂದೂ ಹೇಳಿದೆ.

ಅವರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟರು. ಅದನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ, ಮೇಜಿನ ಮೇಲಿಟ್ಟರು. “ಹೋಗು,” ಅಂದರು. ಅಷ್ಟೇ.

ನಾಲ್ಕು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಸಪ್ಲಿಮೆಂಟ್ ಡಬ್ಬಿ, ನೀರು, ಅಷ್ಟೇ ಊಟ. ದೀಪಾ ಬಂದು ನನ್ನ ಮೇಲೆ ಕೂಗಾಡಿದಳು. ಮರಿಸೆಲ್ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿದಾಗ ಅವಳಿಗೆ ಮಾತ್ರ, “ನಿನ್ನ ತಪ್ಪಿಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿದರು. ತಕ್ಕಡಿ ಐವತ್ತಾರಕ್ಕೆ ಇಳಿಯಿತು. ಸತ್ಯ ಹೇಳಿ ಗಂಡನನ್ನು ಕೊಂದೆ ಎಂದು ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿದ್ದೆ. ಸುಳ್ಳು ಹೇಳಿ ಉಳಿಸಿಕೊಳ್ಳುವ ಧೈರ್ಯ ನನಗೇಕೆ ಇರಲಿಲ್ಲ?

ಮುಂದೇನಾಯಿತು ಎಂದು ಓದುವವರನ್ನು ಕಾಯಿಸುವುದು ನನಗೆ ಸರಿ ಕಾಣುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಅವರು ಆಪರೇಷನ್ ಟೇಬಲ್ಲಿನವರೆಗೆ ಹೋದರು. ತೂಕ ಸಾಕಾಯಿತು. ಹೊಟ್ಟೆ ತೆರೆದು ನೋಡಿದಾಗ ಸ್ಕ್ಯಾನಿನಲ್ಲಿ ಕಾಣದ ಚುಕ್ಕೆಗಳು ಲಿವರಿನ ಮೇಲೆ ಇದ್ದವು. ಹಾಗೇ ಹೊಲಿದು ಕಳಿಸಿದರು. ಅನ್ನನಾಳ ಮುಚ್ಚದಂತೆ ಒಳಗೆ ಒಂದು ಸ್ಟೆಂಟ್ ಇಟ್ಟರು. ಐದು ತಿಂಗಳು ಇದ್ದರು. ಆಗಸ್ಟಿನಲ್ಲಿ, ನಮ್ಮ ಮುಂದಿನ ಕೋಣೆಯಲ್ಲಿ, ಹಗಲು ಹೊತ್ತಿನಲ್ಲಿ ಹೋದರು. ಲಿಂಗ ಕೊರಳಲ್ಲಿತ್ತು, ಅವರೇ ಮತ್ತೆ ಹಾಕಿಕೊಂಡಿದ್ದರು. ಟ್ಯೂಬ್ ಹಾಕಿಸುವ ಪ್ರಸಂಗ ಬರಲಿಲ್ಲ. ಕೊನೆಯ ವಾರದವರೆಗೂ ಬಾಯಿಯಿಂದಲೇ ಉಂಡರು. ದೊಡ್ಡದನ್ನು ಕೇಳಿಕೊಂಡಿದ್ದೆ, ಅದು ಸಿಗಲಿಲ್ಲ. ಇಷ್ಟು ಸಿಕ್ಕಿತು. ಇಷ್ಟಕ್ಕಾದರೂ ನಾನು ಡಾಕ್ಟರಿಗೂ, ಮರಿಸೆಲ್‌ಳಿಗೂ, ಸಮುದ್ರದ ದಂಡೆಯಲ್ಲಿ ಕೂತು ಮೀನು ಕುಟ್ಟಿದ ಅವಳ ತಾಯಿಗೂ ಕೈ ಮುಗಿಯುತ್ತೇನೆ.

ಅವರು ಹೋಗಿ ಮೂರು ತಿಂಗಳಾಗಿದೆ. ಆದರೆ ನಾನು ಬರೆಯಲು ಕೂತದ್ದು ಸಾವಿನ ಬಗ್ಗೆ ಅಲ್ಲ. ಮಾತು ಬಿಟ್ಟ ಆ ನಾಲ್ಕು ದಿನದ ನಂತರ ಬಂದ ಶುಕ್ರವಾರದ ಬಗ್ಗೆ.

ಅಂದು ಮಧ್ಯಾಹ್ನ ಅವರಾಗಿಯೇ ಕರೆದರು.

“ಇವತ್ತ ಶುಕ್ರವಾರ ಅಲ್ಲೇನ?”

“ಹೌದ್ರಿ.”

“ಮಾಡು ಹಂಗಾರ.”

“ಹ್ಯಾಂಗ ಮಾಡ್ಲಿ?” ಎಂದು ಕೇಳಿದೆ.

“ಮೂರ ವಾರ ಹ್ಯಾಂಗ ಮಾಡಿದಿ, ಹಂಗ ಮಾಡು.”

ಕಾಳು ಹುರಿದೆ. ಬೇಯಿಸಿದೆ. ಬೆಳ್ಳುಳ್ಳಿ ಕೆಂಪು ಮಾಡಿದೆ. ಭರಣಿ ತೆರೆದು ಚಿಟಿಕೆ ಹಾಕಿದೆ. ಬಟ್ಟಲು ತುಂಬಿಸಿ ಒಯ್ದು ಅವರ ಮುಂದಿನ ಸ್ಟೂಲಿನ ಮೇಲಿಟ್ಟೆ. ಅವರು ಚಮಚ ಮುಟ್ಟಲಿಲ್ಲ.

“ಒಂದ ಬಟ್ಟಲಾ ಯಾಕ ತಂದಿ?”

ನನಗೆ ಅರ್ಥವಾಗಲಿಲ್ಲ.

“ನೀ ಉಂಡಿಯೇನ ಇದನ್ನ? ಒಮ್ಮೆರೆ?”

“ಇಲ್ರಿ.”

“ಬಾಯಿಗೆ ಹಚ್ಚಿಯೇನ?”

“ಇಲ್ಲ.”

ಅವರು ಬಹಳ ಹೊತ್ತು ಉಸಿರಾಡಿಕೊಂಡರು. ಆಗ ಅವರಿಗೆ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಸುಧಾರಿಸಿಕೊಳ್ಳಬೇಕಾಗುತ್ತಿತ್ತು.

“ಮೀನ ಹಾಕಿದಿ ಅಂತ ನನಗ ಸಿಟ್ಟಿಲ್ಲ. ನಾ ಬದುಕ್ಲಿ ಅಂತ ಹಾಕಿದಿ. ಅಷ್ಟ ತಿಳೀತೈತಿ ನನಗ. ಆದ್ರ ಈ ರೋಗ ಬಂದಾಗಿಂದ ಎಲ್ಲಾ ನಾ ಒಬ್ಬನ ಮಾಡಾಕತ್ತೇನಿ. ಸೂಜಿ ಚುಚ್ಚಿಸ್ಕೊಳ್ಳೂದು ಒಬ್ಬನ. ಆ ಸ್ಕ್ಯಾನ್ ಮಷೀನಿನಾಗ ಹೋಗೂದು ಒಬ್ಬನ. ನಾಳೆ ಟೇಬಲ್ ಮ್ಯಾಲ ಮಲಗೂದೂ ಒಬ್ಬನ. ಇದನ್ನೂ ನಾ ಒಬ್ಬನ ಉಣ್ಣಬೇಕೇನ?”

ನಾನು ಅಡುಗೆಮನೆಗೆ ಹೋದೆ. ಇನ್ನೊಂದು ಬಟ್ಟಲು ತೆಗೆದುಕೊಂಡೆ. ನನ್ನ ಅವ್ವ, ನನ್ನ ಅಜ್ಜಿ, ಅವರ ಹಿಂದಿನವರು ಯಾರೂ ಮುಟ್ಟದ್ದನ್ನು ನನ್ನ ಬಟ್ಟಲಿಗೆ ಎರಡು ಸೌಟು ಹಾಕಿಕೊಂಡೆ. ಬಂದು ಅವರ ಎದುರಿಗೆ ಕೂತೆ.

ಈ ಸಲ ಕೈ ನಡುಗಿತು.

ಮೊದಲ ಚಮಚಕ್ಕೆ ಕಣ್ಣಲ್ಲಿ ನೀರು ಬಂತು. ಕಾಳು ಗೊತ್ತಿದ್ದದ್ದೇ, ಟೊಮ್ಯಾಟೊ ಗೊತ್ತಿದ್ದದ್ದೇ. ಅದರ ಹಿಂದಿನಿಂದ ಗೊತ್ತಿಲ್ಲದ್ದೊಂದು ಮೂಗಿಗೇರಿತು. ಗಂಟಲು ಬೇಡ ಅಂದಿತು. ಅವರು ನನ್ನನ್ನೇ ನೋಡುತ್ತಿದ್ದರು, ನಾನು ತಿಂಗಳುಗಟ್ಟಲೆ ಅವರ ಗಂಟಲನ್ನು ನೋಡಿದ ಹಾಗೆ. ನುಂಗಿದೆ. ಇಳಿಯಿತು. ಎರಡನೇ ಚಮಚ ತಿಂದೆ. ಮೂರನೆಯದಕ್ಕೆ ನಾಲಿಗೆ ತನ್ನ ಹಳೆಯ ಕಸುಬಿಗೆ ಬಂತು, ನನ್ನನ್ನು ಕೇಳದೆಯೇ.

“ಹ್ಯಾಂಗೈತಿ?” ಅಂದರು.

“ಅಯ್ಯ, ಉಪ್ಪೇ ಇಲ್ಲಲ್ರೀ ಇದರಾಗ!”

“ಮೂರ ವಾರ ಆತು, ಇಲ್ಲ,” ಅಂದರು. “ತಗೊಂಡ ಬಾ. ಇಬ್ಬರದಕೂ ಹಾಕು.”

ಉಪ್ಪು ತಂದೆ. ಮೊದಲು ಅವರ ಬಟ್ಟಲಿಗೆ ಹಾಕಿದೆ, ಆಮೇಲೆ ನನ್ನದಕ್ಕೆ. ಅವರು ಚಮಚ ಎತ್ತಿಕೊಂಡರು.